ಎರ್ನಾ ಕಾರ್ಲೋವ್ನಾ ಅತಿಥಿಯಲ್ಲ

ಎರ್ನಾ ಕಾರ್ಲೋವ್ನಾ ಅವರಲ್ಲಿ ನಾನು ಮೊಟ್ಟಮೊದಲು ನೋಡಿದ್ದು ಒಂದು ಕಣ್ಣನ್ನು ಮಾತ್ರ. ನಮ್ಮ ಕಿರ್ಗಿಜ್ ನಾಡಿನ ಕರಕೋಲ್ ಪೇಟೆಯ ಹಳೆಯ ಕಟ್ಟಡ, ಎರಡನೇ ಮಹಡಿ. ಮೆಟ್ಟಿಲ ಮೇಲೆ ಯಾರದೋ ಬೂಟಿನ ಹಿಮ ಕರಗಿ ಕೊಚ್ಚೆಯಾಗಿತ್ತು. ಕರೆಗಂಟೆ ಒತ್ತಿದೆ. ಸದ್ದಿಲ್ಲ. ಇನ್ನೊಮ್ಮೆ ಒತ್ತಿದೆ. ಸರಪಳಿ ಬಿಟ್ಟಷ್ಟು ಮಾತ್ರ ಬಾಗಿಲು ತೆರೆಯಿತು. ಆ ಸಂದಿಯಲ್ಲಿ ಕಾಣಿಸಿದ ನೀಲಿ ಕಣ್ಣು ನನ್ನ ಉಣ್ಣೆ ಟೋಪಿಯಿಂದ ಬೂಟಿನವರೆಗೆ ಇಳಿದು ಮತ್ತೆ ಮೇಲಕ್ಕೆ ಬಂತು.

"ಎರಡು ಸಲ ಯಾಕೆ ಒತ್ತಿದ್ರಿ? ಮೊದಲನೇ ಸಲವೇ ಕೇಳಿಸಿತ್ತು."

"ಬಾಗಿಲು ತೆಗೀಲಿಲ್ವಲ್ಲ ಅಂತ..."

"ತೆಗೀಬೇಕೋ ಬೇಡ್ವೋ ಅಂತ ಯೋಚನೆ ಮಾಡ್ತಿದ್ದೆ."

ಒಳಗೆ ಹೋದೆ. ಅವರ ಕಾಲಿಗೆ ಗಂಡಸರ ಉಣ್ಣೆ ಬೂಟು, ಮೂಗಿನ ಮೇಲೊಂದು ಕನ್ನಡಕ, ತಲೆಗೂದಲಲ್ಲಿ ಮರೆತುಹೋದ ಇನ್ನೊಂದು. ಕಿಟಕಿಯಲ್ಲಿ ಗಾಜಿನ ಲೋಟದೊಳಗೆ ಒಂದು ಈರುಳ್ಳಿ ಮೊಳೆಯುತ್ತಿತ್ತು. ಅವರು ಪಿಯಾನೋದ ಬೀಗ ತೆಗೆದು ನಾಲ್ಕು ಸ್ವರದ ಮನೆಗಳನ್ನು ಒಟ್ಟಿಗೆ, ಮಗುವಿನ ಹಣೆ ಮುಟ್ಟಿದ ಹಾಗೆ ಒತ್ತಿದರು.

"ಇದೇನು?"

"ಬಹಳ ಚೆನ್ನಾಗಿದೆ."

"ನಾನು ಹೊಗಳಿಕೆ ಕೇಳಲಿಲ್ಲ. ಹೆಸರು ಕೇಳಿದೆ."

ನಾನು ತಲೆ ತಗ್ಗಿಸಿ ಅವರ ಉಣ್ಣೆ ಬೂಟನ್ನೇ ನೋಡುತ್ತ ಕುಳಿತೆ. ಇಡೀ ಪೇಟೆಯಲ್ಲಿ ಸ್ವರಮೇಳ ಶಾಸ್ತ್ರ ಪೂರ್ತಿ ಬಲ್ಲವರು ಈ ನಿವೃತ್ತ ಜರ್ಮನ್ ಮೇಡಂ ಒಬ್ಬರೇ. ಅವರು ನನ್ನನ್ನು ಹೊರಗೆ ಹಾಕಿದ್ದರೆ ನನ್ನ ಕತೆ ಅಲ್ಲೇ ಮುಗಿಯುತ್ತಿತ್ತು. ಈಗ ಯೋಚಿಸಿದರೆ, ಅಷ್ಟು ಸುಖವಾಗಿ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ನಾನು ಎಸೆನ್‌ಬೆಕ್. ಕುರಿ ಕಾಯುವ ವಂಶದಲ್ಲಿ ಪದವಿ ಪಡೆದ ಮೊದಲನೆಯ ಪ್ರಾಣಿ. ಮಕ್ಕಳ ಸಂಗೀತ ಶಾಲೆಯಲ್ಲಿ ನಮ್ಮ ಮೂರು ತಂತಿಯ ಕೋಮುಜ್ ವಾದ್ಯ ಕಲಿಸುತ್ತಿದ್ದೆ. ಆ ಚಳಿಗಾಲದಲ್ಲಿ ಒಂದು ಆದೇಶ ಬಂತು. ದೊಡ್ಡ ತರಗತಿಗೆ ಕಲಿಸುವವರು ಉನ್ನತ ಸಂಗೀತ ಶಾಸ್ತ್ರದ ಪರೀಕ್ಷೆ ಪಾಸಾಗಲೇಬೇಕು. ಆಗದವರಿಗೆ ಜಿಲ್ಲಾ ಕಲಾಮಂದಿರದ ಉಸ್ತುವಾರಿ. ಹೆಸರು ದೊಡ್ಡದು. ಕೆಲಸ, ವೇದಿಕೆಯ ಪರದೆಯ ಧೂಳು ಬಡಿಯುವುದು.

ಅಂದೇ ರಾತ್ರಿ ಊಟದ ಹಾಸಿನ ಮುಂದೆ ನಾನು ಘೋಷಿಸಿದೆ: "ನಾನು ಬರೀ ಪಾಸಾಗೋದಲ್ಲ. ಪರೀಕ್ಷಕರು ಎದ್ದು ನಿಂತು ನನ್ನ ಕೈ ಕುಲುಕ್ಬೇಕು, ನೋಡ್ತಿರಿ."

ಹೆಂಡತಿ ಬುರುಲ್ ಚಹಾ ಬಗ್ಗಿಸುತ್ತ ಹೇಳಿದಳು: "ಎದ್ದು ನಿಲ್ಲೋದೇನೋ ಖಂಡಿತ. ಎದ್ದು ಹೊರಗೆ ಹೋಗ್ತಾರೆ."

ಅವಳ ನಾಲಿಗೆಯ ಮೇಲೆ ಮಚ್ಚೆ ಇರುವ ಸಂಗತಿ ಮದುವೆಗೆ ಮುಂಚೆ ನನಗೆ ಯಾರೂ ತಿಳಿಸಿರಲಿಲ್ಲ.

ಎರ್ನಾ ಕಾರ್ಲೋವ್ನಾ ಕಲಿಸಲು ಒಪ್ಪಿದರು. ಆದರೆ ಅವರ ಕೆಳಗಿನ ಮನೆಯವನು ರಾತ್ರಿ ಪಾಳಿಯ ಕಾವಲುಗಾರ, ಹಗಲೆಲ್ಲ ನಿದ್ದೆ. ಪಿಯಾನೋ ಬಾರಿಸಿದರೆ ಪೊರಕೆಯಿಂದ ಚಾವಣಿ ಕುಟ್ಟುತ್ತಾನೆ. ನಮ್ಮ ಮನೆಯಲ್ಲಿ ಮುಚ್ಚಿಹೋದ ಶಿಶುವಿಹಾರದಿಂದ ತಂದ ಪಿಯಾನೋ ಒಂದಿತ್ತು. ಒಂದು ಕಾಲಿಗೆ ಇಟ್ಟಿಗೆ, ನೆತ್ತಿಯ ಮೇಲೆ ಅಮ್ಮ ಒಣಹಾಕಿದ ಮೊಸರುಂಡೆ.

"ಹಾಗಾದ್ರೆ ನಾನೇ ನಿಮ್ಮ ಮನೆಗೆ ಬರ್ತೀನಿ," ಎಂದರು.

ಈ ಮಾತಿನಲ್ಲಿರುವ ಅಪಾಯ ಯಾವ ಕಿರ್ಗಿಜ್ ಮಗುವಿಗೂ ಹೊಳೆಯುತ್ತಿತ್ತು. ಪದವೀಧರನಿಗೆ ಹೊಳೆಯಲಿಲ್ಲ.

ಅವರು ಹೊಸ್ತಿಲು ದಾಟಿದರು. ಅಮ್ಮ ಕುರಿ ಕೊಯ್ಯಿಸಿದಳು. ಕುರಿ ಕೊಯ್ದ ಮೇಲೆ ನೆರೆಹೊರೆಯನ್ನು ಕರೆಯದಿದ್ದರೆ ಹೇಗೆ? ಬೀದಿಯ ಅರ್ಧ ಜನ ಬಂದು ಹಾಸಿನ ಸುತ್ತ ಕುಳಿತರು. ನಾನು ಪುಸ್ತಕ ಹಿಡಿದು ಮೆಲ್ಲಗೆ, "ಅಮ್ಮ, ಅವರು ಪಾಠಕ್ಕೆ ಬಂದಿರೋದು," ಎಂದೆ.

"ಅತಿಥಿ ಬಾಯಿಗೆ ಒಂದು ತುತ್ತು ಬೀಳೋ ಮೊದಲೇ ಕೆಲಸದ ಮಾತಾ? ನಿನ್ನನ್ನ ಓದಿಸಿದ್ದು ಇದಕ್ಕಾ?"

"ಊಟ ಆದ್ಮೇಲಾದ್ರೂ..."

"ಪಾಠ ಎಲ್ಲಿಗೂ ಓಡಿಹೋಗಲ್ಲ. ಮಾಂಸ ಆರಿಹೋಗುತ್ತೆ."

ಹಿರಿಯ ಹೆಂಗಸರಿಗೆ ಸಲ್ಲುವ ಸೊಂಟದ ಕೊನೆಯ ಮೂಳೆ, ಕೊಬ್ಬಿನ ಸಮೇತ, ಎರ್ನಾ ಕಾರ್ಲೋವ್ನಾ ಅವರ ಮುಂದೆ ಬಂದು ಕುಳಿತಿತು. ಅವರು ಅದನ್ನು ಬಿಡಿಸಲಾಗದ ಲೆಕ್ಕದಂತೆ ನೋಡಿದರು. ತಿಂದರು. ಚಹಾ ಬಂತು, ಮತ್ತೆ ಚಹಾ ಬಂತು. ಕೊನೆಗೆ ಬೀದಿಯ ಅಜ್ಜ ಅಂಗೈ ಎತ್ತಿ ಆಶೀರ್ವಾದ ಹೇಳಿದ, ಎಲ್ಲರೂ ಮುಖ ಸವರಿಕೊಂಡರು. ಈಗ ನನ್ನ ಸರದಿ ಎಂದು ಪುಸ್ತಕ ಬಿಚ್ಚಿದೆ.

ಆದರೆ ಆಶೀರ್ವಾದ ಆದ ಮೇಲೆ ನಮ್ಮಲ್ಲಿ ಯಾರೂ ಕೂರುವ ಹಾಗಿಲ್ಲ. ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಇಬ್ಬರು ಅವರಿಗೆ ಕೋಟು ತೊಡಿಸುತ್ತಿದ್ದರು. ಮೂರನೆಯವರು ಕೈಗೆ ಮಾಂಸದ ಚೀಲ ಕೊಡುತ್ತಿದ್ದರು. ಊಟಕ್ಕೆ ಮೊದಲು ಪಾಠ ಕೂಡದು, ಊಟದ ಮೇಲೆ ಗುರು ಇರುವುದಿಲ್ಲ!

ಮುಂದಿನ ವಾರವೂ ಅದೇ. ಅದರ ಮುಂದಿನ ವಾರ ಅಂಗಳದಲ್ಲಿ ಎರ್ನಾ ಕಾರ್ಲೋವ್ನಾ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಎಸೆನ್‌ಬೆಕ್, ನಿಮ್ಮ ಮೊದಲನೇ ಪಾಠ ಇನ್ನೂ ಶುರು ಆಗಿಲ್ಲ. ನನ್ನ ಕೋಟಿನ ಗುಂಡಿಗಳು ಮಾತ್ರ ಕಿತ್ತುಹೋಗೋ ಕೊನೇ ಹಂತಕ್ಕೆ ಬಂದಿವೆ."

ಅವರಿಗೆ ವೈದ್ಯರು ಮಾಂಸ ಬೇಡ ಎಂದಿದ್ದಾರೆ ಅಂತ ಅಮ್ಮನಿಗೆ ಒಂದು ಸುಳ್ಳು ಹೇಳಿದೆ. ಅಮ್ಮನ ಕಣ್ಣಲ್ಲಿ ನೀರು ಬಂತು. "ಪಾಪ, ಕಾಯಿಲೆ ಮನುಷ್ಯರು," ಎಂದು ಕುರಿಬಾಲದ ಕೊಬ್ಬಿನ ಕಷಾಯ ಕಾಯಿಸಿ, ಮಲಗಲು ಹಾಸಿಗೆಯನ್ನೂ ಹಾಕಿಸಿದಳು. ನನ್ನ ಗುರು ಬೆವರು ಬರಲೆಂದು ಕಂಬಳಿಯೊಳಗೆ, ನಾನು ಬರದಿರಲೆಂದು ಬಾಗಿಲ ಹೊರಗೆ.

ಆಗ ನನಗೆ ಮಹಾಯೋಚನೆ ಹೊಳೆಯಿತು. ಎದೆ ಉಬ್ಬಿಸಿ ಅಮ್ಮನ ಮುಂದೆ ನಿಂತೆ.

"ಅಮ್ಮ, ಎರ್ನಾ ಕಾರ್ಲೋವ್ನಾ ಅತಿಥಿ ಅಲ್ಲ. ನಮ್ಮ ಮನೆಯವರೇ."

ಅಮ್ಮ ನನ್ನನ್ನು ದಿಟ್ಟಿಸಿದಳು. "ನಿಜವಾಗ್ಲೂ ಹೇಳ್ತಿದೀಯಾ?"

"ನಿಜವಾಗ್ಲೂ."

"ಮೊದಲೇ ಹೇಳ್ಬಾರದಾ? ಎಷ್ಟು ಕುರಿ ಉಳೀತಿತ್ತು."

ಬುರುಲ್ ಅಡುಗೆಮನೆಯಿಂದ ತಲೆ ಹಾಕಿ ಕೇಳಿದಳು: "ರೀ, ಏನು ಹೇಳಿದ್ರಿ ಅಂತ ಗೊತ್ತಿದೆಯಾ ನಿಮಗೆ?" ನನಗೆ ಗೊತ್ತಿರಲಿಲ್ಲ. ಗೊತ್ತಿದೆ ಎಂದೆ.

ಮುಂದಿನ ಸಲ ಹಾಸು ಹಾಸಲಿಲ್ಲ, ನೆರೆಯವರು ಬರಲಿಲ್ಲ. ಅಮ್ಮ ನೆಂಟಸ್ತಿಕೆ ಕೂಡಿಸುವ ನಮ್ಮ ಪದ್ಧತಿಯಂತೆ ಎರ್ನಾ ಕಾರ್ಲೋವ್ನಾ ಅವರ ತಲೆಗೆ ಬಿಳಿ ವಸ್ತ್ರ ಕಟ್ಟಿ, "ಇವತ್ತಿಂದ ನೀನು ನನ್ನ ತಂಗಿ," ಎಂದು ಎರಡೂ ಕೆನ್ನೆಗೆ ಮುತ್ತಿಟ್ಟಳು. ಆಮೇಲೆ ಲಟ್ಟಣಿಗೆ ಕೊಟ್ಟಳು. ಮನೆಯವರು ಸುಮ್ಮನೆ ಕೂರುವುದುಂಟೆ?

ನಮ್ಮ ಮೇಡಂ ಬೈಯುತ್ತಾರೆ ಎಂದು ಕಾದೆ. ಅವರು ತೋಳು ಮಡಿಸಿದರು. "ನಮ್ಮಮ್ಮ ಇನ್ನೂ ತೆಳ್ಳಗೆ ಲಟ್ಟಿಸ್ತಿದ್ರು," ಎಂದರು. ಹಿಟ್ಟಿನ ಮೇಲೆ ಬಗ್ಗಿದ ಅವರ ಮುಖದಲ್ಲಿ ನಾನು ಮೊದಲ ಸಲ ನಗು ಕಂಡೆ.

ಅಂತೂ ಪಾಠ ಶುರುವಾಯಿತು, ಅಡುಗೆಮನೆಯಲ್ಲಿ! ಅವರು ಲಟ್ಟಿಸುವರು, ನಾನು ಬರೆಯುವೆ, ಹಾಳೆಯ ಮೇಲೆ ಸ್ವರಕ್ಕಿಂತ ಹಿಟ್ಟು ಹೆಚ್ಚು. ಪಂಚಮದ ಅಂತರದಲ್ಲಿ ಎರಡು ದನಿಗಳು ಜೊತೆಜೊತೆಯಾಗಿ ನಡೆಯಲೇಕೂಡದು ಎಂಬುದು ಈ ಶಾಸ್ತ್ರದ ದೊಡ್ಡ ಕಟ್ಟಳೆ. ನಮ್ಮ ಕೋಮುಜ್ ಹುಟ್ಟಿದ್ದೇ ಆ ಅಪರಾಧ ಎಸಗಲು. ನನ್ನ ಕಿವಿಗೆ ಇಂಪಾದದ್ದೆಲ್ಲ ತಪ್ಪು, ಕರ್ಕಶವಾದದ್ದೆಲ್ಲ ಸರಿ.

"ಮತ್ತೆ ಜೊತೆಯಾಗಿ ನಡೆಸಿದೀಯ ನೋಡು, ದಡ್ಡ."

ಹೌದು, ಬಹುವಚನ ಹೋಗಿತ್ತು. ಮನೆಯವರಲ್ಲವೆ? ಮನೆಯವರಾದ ಮೇಲೆ ಹೊತ್ತು ನೋಡುವವರೂ ಇಲ್ಲ. ಅರ್ಧ ಪಾಠದಲ್ಲಿ ಅಮ್ಮ ಕರೆದರೆ ಅವರು ಎದ್ದು ಹೋಗಿ ಕಂಬಳಿ ಒದರಿ ಬರುವರು. ವಸಂತ ಬರುವುದರೊಳಗೆ ಲೋಟದ ಈರುಳ್ಳಿಯ ಸಮೇತ ನಮ್ಮ ಹಿಂದಿನ ಕೋಣೆಗೇ ಬಂದುಬಿಟ್ಟರು. "ಅಲ್ಲಿ ಪೊರಕೇಲಿ ಕುಟ್ತಾನೆ. ಇಲ್ಲಿ ಕರೀತಾರೆ," ಅಂದರು, ಅಷ್ಟೇ.

ಪರೀಕ್ಷೆ ಹತ್ತಿರ ಬಂತು. ನಾನು ಅರ್ಧ ಪುಸ್ತಕವನ್ನೂ ದಾಟಿರಲಿಲ್ಲ. ರಾತ್ರಿ ನಿದ್ದೆಯಿಲ್ಲ, ಕಣ್ಣು ಮುಚ್ಚಿದರೆ ಪರದೆಯ ಧೂಳು. ಅಷ್ಟರಲ್ಲಿ ಆಕಾಶವೇ ತೆರೆದ ಹಾಗೆ ಸುದ್ದಿ ಬಂತು: ರಾಜಧಾನಿಯಿಂದ ಬರಬೇಕಿದ್ದ ಪರೀಕ್ಷಕರಿಗೆ ಕಾಯಿಲೆ. ಅವರ ಬದಲಿಗೆ ಸಮಿತಿ ಕರೆಸಿದ್ದು ಎರ್ನಾ ಕಾರ್ಲೋವ್ನಾ ಅವರನ್ನು!

"ಮುಗೀತು," ಎಂದು ಬುರುಲ್‌ಗೆ ಹೇಳಿದೆ. "ಚಿಕ್ಕಮ್ಮ ಸಮಿತಿಯಲ್ಲಿ. ಪ್ರಮಾಣಪತ್ರಕ್ಕೆ ಗೋಡೆಗೆ ಮೊಳೆ ಹೊಡಿ."

"ಮೊಳೆ ಹೊಡೀತೀನಿ. ಪರದೆ ಬಡಿಯೋ ಕೋಲು ನೇತುಹಾಕೋಕೂ ಆಗುತ್ತೆ."

ಅಂದಿನಿಂದ ನಾನು ಪುಸ್ತಕ ಮುಟ್ಟಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಬರೆದೆ, ಮಧ್ಯಾಹ್ನ ಮೌಖಿಕ. ಮೇಜಿನ ಹಿಂದೆ ಅಧ್ಯಕ್ಷರು, ಒಬ್ಬ ಸದಸ್ಯರು, ಮತ್ತು ತಮ್ಮ ಎರಡೂ ಕನ್ನಡಕಗಳೊಂದಿಗೆ ನಮ್ಮ ಚಿಕ್ಕಮ್ಮ. ಅವರ ಮುಂದೆ ನನ್ನ ಉತ್ತರಪತ್ರಿಕೆ. ಅಧ್ಯಕ್ಷರು ತಲೆ ಎತ್ತದೆ ನಿಯಮ ಓದಿದರು: "ಸಮಿತಿಯಲ್ಲಿ ಅಭ್ಯರ್ಥಿಯ ಬಂಧುಗಳು ಯಾರಾದರೂ ಇದ್ದರೆ ತಿಳಿಸತಕ್ಕದ್ದು."

ಕುರ್ಚಿ ಕಿರ್ರೆಂದಿತು. ಎರ್ನಾ ಕಾರ್ಲೋವ್ನಾ ಎದ್ದು ನಿಂತಿದ್ದರು.

"ಇದೀನಿ. ನಾನು ಅವನ ಚಿಕ್ಕಮ್ಮ."

ಅಧ್ಯಕ್ಷರು ಅವರ ನೀಲಿ ಕಣ್ಣನ್ನು ನೋಡಿದರು, ನನ್ನ ಮುಖ ನೋಡಿದರು. "ಮೇಡಂ, ಅದು ಹೇಗೆ ಸಾಧ್ಯ?"

ಎಲ್ಲರಿಗೂ ತಿನ್ನಿಸಲೆಂದು ಕರಿದ ರೊಟ್ಟಿ ಕಟ್ಟಿಕೊಂಡು ಹೊರಗೆ ಕುಳಿತಿದ್ದ ಅಮ್ಮ ಬಾಗಿಲು ತಳ್ಳಿ ಒಳಬಂದಳು. "ಯಾಕಪ್ಪ ಸಾಧ್ಯವಿಲ್ಲ? ನನ್ನ ಕೈಯಾರೆ ಬಿಳಿ ವಸ್ತ್ರ ಕಟ್ಟಿದೀನಿ. ಇವನೇ ಹೇಳಿದ್ದು, ನಮ್ಮ ಮನೆಯವರು ಅಂತ. ಹೇಳೋ."

ಎಲ್ಲರೂ ನನ್ನತ್ತ ತಿರುಗಿದರು. ಅಲ್ಲ ಎಂದರೆ ಅಮ್ಮ, ಹೌದು ಎಂದರೆ ಪರದೆ. ಬಿಳಿ ವಸ್ತ್ರ ಕಟ್ಟಿಕೊಂಡ ಆ ತಲೆಯನ್ನು ನೋಡಿದೆ.

"ಹೌದು," ಎಂದೆ. "ಚಿಕ್ಕಮ್ಮ."

ಅಧ್ಯಕ್ಷರೂ ನಮ್ಮ ಕಡೆಯವರೇ. "ಬಿಳಿ ವಸ್ತ್ರ ಅಂದ್ಮೇಲೆ ಮಾತೇ ಇಲ್ಲ," ಎಂದು ಕಡತ ಮುಚ್ಚಿದರು. ಶಾಸ್ತ್ರ ಬಲ್ಲ ಬೇರೆ ಪರೀಕ್ಷಕರಿಲ್ಲ. ನನ್ನ ಪರೀಕ್ಷೆ ಮುಂದಿನ ವರ್ಷಕ್ಕೆ.

ಎರ್ನಾ ಕಾರ್ಲೋವ್ನಾ ಬಂದು ನನ್ನ ಕೈ ಕುಲುಕಿ ಹೊರಗೆ ನಡೆದರು. ನನ್ನ ಘೋಷಣೆ, ಹೆಂಡತಿ ನುಡಿದ ಭವಿಷ್ಯ, ಎರಡೂ ಒಂದೇ ಏಟಿಗೆ ನೆರವೇರಿದವು.

ಹೊರಗೆ ಓಡಿ ಹಿಡಿದೆ. "ಚಿಕ್ಕಮ್ಮ, ಸುಮ್ಮನೆ ಇದ್ದುಬಿಡಬಹುದಿತ್ತಲ್ಲ?"

"ಇದ್ದಿದ್ರೆ ನಿನ್ನ ಉತ್ತರಕ್ಕೆ ಅಂಕ ಹಾಕ್ಬೇಕಾಗ್ತಿತ್ತು. ಓದಿ ನೋಡಿದ್ದೆ."

"ಹೇಗಿತ್ತು?"

"ನಾನು ನಿನ್ನ ಚಿಕ್ಕಮ್ಮ ಕಣೋ. ಹೇಳೋಕೆ ಬಾಯಿ ಬರಲ್ಲ."

ಸಂಜೆ ಅಡುಗೆಮನೆಯಲ್ಲಿ ಇಬ್ಬರು ಮುದುಕಿಯರು ಹಿಟ್ಟು ಲಟ್ಟಿಸುತ್ತ ಹಾಡುತ್ತಿದ್ದರು. ಅಮ್ಮ ಕೆಳಗೆ, ಚಿಕ್ಕಮ್ಮ ಅವಳ ಪಂಚಮದಲ್ಲಿ, ಜೊತೆಜೊತೆಯಾಗಿ. ನಾನು ಕಲಿತದ್ದು ಅದೊಂದೇ ಕಟ್ಟಳೆಯಾದ್ದರಿಂದ ಹೇಳಿಯೇಬಿಟ್ಟೆ: "ಇದು ತಪ್ಪಲ್ವಾ?"

"ಇದು ಪರೀಕ್ಷೆ ಅಲ್ಲ, ಮನೆ. ಈರುಳ್ಳಿ ಹೆಚ್ಚು."

ಹೆಚ್ಚಿದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಕಾರಣ ಕೇಳುವವರಿರಲಿಲ್ಲ.

ಈ ವರ್ಷ ಕಲಾಮಂದಿರದ ಧೂಳು ನನ್ನದು. ಬುರುಲ್ ಹೊಡೆದ ಮೊಳೆಗೆ ಕೋಲು ಸರಿಯಾಗಿ ಕೂರುತ್ತದೆ. ಸ್ವಂತ ಮಗನಿಗೆ ಯಾರೂ ಪಾಠ ಹೇಳಲಾರರು ಎಂದು ಚಿಕ್ಕಮ್ಮ ಪಾಠ ನಿಲ್ಲಿಸಿದ್ದಾರೆ. ಇನ್ನು ನನಗೆ ಕಲಿಸುವವರು ಪರಿಚಯವೇ ಇಲ್ಲದವರಾಗಿರಬೇಕು, ಮನೆಯಲ್ಲೇ ಊಟ ಮುಗಿಸಿ ಬರುವವರಾಗಿರಬೇಕು ಎಂಬುದು ಅವರ ಷರತ್ತು. ಎರ್ನಾ ಕಾರ್ಲೋವ್ನಾ ಈಗ ನನಗೊಬ್ಬ ಮೇಷ್ಟ್ರನ್ನು ಹುಡುಕುತ್ತಿದ್ದಾರೆ.