ಒಡಪಿನ ಪಾಸ್‌ವರ್ಡು

ಪತ್ರಿಕೆ ಓದುವವರಲ್ಲಿ ಎರಡು ಜಾತಿ. ಓದಿ, ಎರಡು ನಿಮಿಷ ಸರಕಾರವನ್ನು ಬೈದು, ಮಡಚಿಟ್ಟು ಸ್ನಾನಕ್ಕೆ ಹೋಗುವವರೇ ಹೆಚ್ಚು. ನಾನು ಇನ್ನೊಂದು ಜಾತಿಯವನು. ಸುದ್ದಿ ಎಲ್ಲಿಯದೇ ಇರಲಿ, ಅದು ನನ್ನೊಬ್ಬನಿಗಾಗಿಯೇ ಅಚ್ಚಾಗಿದೆ ಎಂದು ನಂಬಿ, ಚಹಾ ಆರುವ ಮೊದಲೇ ಏನಾದರೂ ಮಾಡಲು ಏಳುವವನು. ಸ್ಕೂಟರಿನ ಹಿಂದೆ ಕೂತವರೂ ಹೆಲ್ಮೆಟ್ ಹಾಕಬೇಕು ಎಂಬ ಸುದ್ದಿ ಬಂದ ದಿನ ಪುಣೆಯ ನಮ್ಮ ಇಡೀ ಸದಾಶಿವ ಪೇಠ ನಕ್ಕು ಬರಿತಲೆಯಲ್ಲೇ ತರಕಾರಿಗೆ ಹೋಯಿತು. ನಾನು ಮಾತ್ರ ಸಂಜೆಯೊಳಗೆ ಹೆಂಡತಿ ಪ್ರಮೀಳೆಗೆ ಹೆಲ್ಮೆಟ್ ತಂದೆ. ಅವಳ ತುರುಬು ಅದರೊಳಗೆ ಹಿಡಿಸಲಿಲ್ಲ. ಈಗ ಅದರಲ್ಲಿ ಬೆಳ್ಳುಳ್ಳಿ ಇಟ್ಟಿದ್ದಾಳೆ, ಗಾಳಿ ಚೆನ್ನಾಗಿ ಆಡುತ್ತದಂತೆ. ಇನ್ನೊಮ್ಮೆ ಲಕ್ಷಗಟ್ಟಲೆ ಜನರ ಪಾಸ್‌ವರ್ಡುಗಳು ಕಳುವಾಗಿವೆ ಎಂದು ಓದಿ ಮನೆಯ ಎಲ್ಲ ಪಾಸ್‌ವರ್ಡುಗಳನ್ನೂ ಒಂದೇ ಮುಂಜಾನೆ ಬದಲಾಯಿಸಿದೆ. ಮರೆಯಬಾರದೆಂದು ಅವನ್ನು ಅಕ್ಕಿ ಡಬ್ಬಿಯ ತಳದಲ್ಲಿ ಬರೆದೆ. ಮರುದಿನ ಪಾಸ್‌ವರ್ಡುಗಳನ್ನು ಎಲ್ಲಿಯೂ ಬರೆದಿಡಬಾರದು ಎಂಬ ಲೇಖನ ಬಂತು. ತಿಕ್ಕಿ ಅಳಿಸಿದೆ. ಆಮೇಲೆ ಒಂದು ವಾರ ನಾವು ಯಾವುದರೊಳಗೂ ಪ್ರವೇಶಿಸಲಾಗದೆ ಸುಖವಾಗಿದ್ದೆವು.

ಇದರಲ್ಲಿ ತಪ್ಪು ನನ್ನದಲ್ಲ, ನನ್ನ ಉದ್ಯೋಗದ್ದು. ಭೋಸರಿಯ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕೆ ತಳ್ಳುವುದು ನನ್ನ ಕೆಲಸ. ಇಪ್ಪತ್ತೆಂಟು ವರ್ಷ ಸಂಶಯಪಟ್ಟೇ ಸಂಬಳ ತೆಗೆದುಕೊಂಡವನು ಮನೆಗೆ ಬಂದು ಒಮ್ಮೆಲೇ ಜಗತ್ತನ್ನು ನಂಬು ಎಂದರೆ ಹೇಗೆ? ಪ್ರಮೀಳೆ ಇದನ್ನು ಒಪ್ಪುವುದಿಲ್ಲ. "ಸುದ್ದಿ ಎಲ್ಲಾರ ಮನಿಗೂ ಬಂದು ಹೋಗ್ತದ್ರಿ, ನಮ್ಮ ಮನ್ಯಾಗ ಮಾತ್ರ ವಸ್ತಿ ಮಾಡ್ತದ" ಎನ್ನುತ್ತಾಳೆ.

ಕಳೆದ ಬೇಸಿಗೆಯಲ್ಲಿ ವಸ್ತಿಗೆ ಬಂದ ಸುದ್ದಿ ಧ್ವನಿಯದು. ಮನುಷ್ಯನ ಧ್ವನಿಯನ್ನು ಕಂಪ್ಯೂಟರು ನಕಲು ಮಾಡುತ್ತದೆ, ಮಗನ ಧ್ವನಿಯಲ್ಲಿ ಅತ್ತು ತಾಯಿಯಿಂದ ಹಣ ಹಾಕಿಸಿಕೊಳ್ಳುತ್ತಾರೆ ಎಂದು ಪತ್ರಿಕೆ ಬರೆದಿತ್ತು. ಅಂದು ಸಂಜೆ ನಮ್ಮ ಕಟ್ಟಡದ ಕೆಳಗಿನ ಕಟ್ಟೆಯ ಮೇಲೆ ಭಾರೀ ಚರ್ಚೆಯಾಯಿತು. ಕೆಳಮನೆಯ ದೇಶಪಾಂಡೆ ಕಾಕಾ ನಿವೃತ್ತ ಶಿಕ್ಷಕರು. ಎಲ್ಲದಕ್ಕೂ ಹೊಸ ಕಾಯದೆ ಬೇಕು ಎನ್ನುವವರು. ಅಂದೂ ಕಡಕ್ ಕಾಯದೆ ಆಗಬೇಕು ಎಂದರು. ಇರುವ ಕಾಯದೆಯನ್ನೇ ಯಾರು ಪಾಲಿಸುತ್ತಾರೆ ಎಂದು ಅವರ ಹೆಂಡತಿ ಕೇಳಿದರು. ಕಾಕಾ ಸಿಟ್ಟಿನಿಂದ ಎದ್ದು ಒಳಗೆ ಹೋದರು, ದೇಶದ ಕಾನೂನು ಸುವ್ಯವಸ್ಥೆಯ ಚರ್ಚೆ ಅಲ್ಲಿಗೆ ಮುಗಿಯಿತು. ನಾನು ಮಾತ್ರ ಮಾತಿನಲ್ಲಿ ಕಾಲ ಕಳೆಯುವವನಲ್ಲ. ಮೇಲೆ ಬಂದವನೇ 'ಮೋಸಗಾರರನ್ನು ಗುರುತಿಸುವ ಬಗೆ' ಎಂದು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಗುರುತಿಲ್ಲದ ನಂಬರಿನಿಂದ ಕರೆ, ಫೋನು ಕಳೆದಿದೆ ಎಂಬ ನೆಪ, ಹೆಚ್ಚಲ್ಲದ ಮೊತ್ತ, ವಿಪರೀತ ಅವಸರ. ಕೊನೆಗೆ, ಧ್ವನಿಯನ್ನು ಎಂದಿಗೂ ನಂಬಬೇಡಿ ಎಂದು ಅಡಿಗೆರೆ ಎಳೆದೆ.

ಬೆಳಗಾವಿಗೆ ಕೊಟ್ಟಿರುವ ಮಗಳು ಮೇಘಾ ಫೋನಿನಲ್ಲಿ ಇದನ್ನು ಕೇಳಿ, "ಅಷ್ಟಕ್ಕ ಆಗೂದಿಲ್ಲಪ್ಪಾ, ಮನಿಯವರಿಗಷ್ಟ ಗೊತ್ತಿರೋ ಒಂದು ಗುಪ್ತ ಮಾತು ಇಟ್ಕೋಬೇಕು" ಎಂದಳು. ಯಾವ ಮಾತು? ಹುಟ್ಟಿದ ದಿನ, ಮನೆದೇವರು, ಮೊಮ್ಮಗನ ಮುದ್ದಿನ ಹೆಸರು ಎಲ್ಲವೂ ಈಗ ಯಾರ ಯಾರದೋ ಮೊಬೈಲಿನಲ್ಲಿವೆ. ನಾನು ತಲೆ ಕೆರೆದುಕೊಳ್ಳುತ್ತಿರುವಾಗ, ಅಷ್ಟು ಹೊತ್ತು ಸುಮ್ಮನೆ ಚವಳಿಕಾಯಿ ಸೋಸುತ್ತಿದ್ದ ಪ್ರಮೀಳೆ ತಲೆ ಎತ್ತದೆಯೇ ಹೇಳಿದಳು: "ಒಡಪು ಇಡ್ರಿ. ನಮ್ಮ ಲಗ್ನದಾಗ ಇವರು ಹೇಳಿದ ಒಡಪು. ಅದು ಯಾವ ಮೊಬೈಲಿನ್ಯಾಗೂ ಇಲ್ಲ."

ನಮ್ಮ ಧಾರವಾಡದ ಕಡೆಯ ಮದುವೆ ನೋಡದವರಿಗೆ ಇದನ್ನು ತುಸು ಬಿಡಿಸಿ ಹೇಳಬೇಕು. ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಆದರೆ ಮದುವೆಯ ದಿನ ಎಲ್ಲರೆದುರು ಹೇಳಲೇಬೇಕು, ಅದೂ ಪ್ರಾಸಕಟ್ಟಿನ ಎರಡು ಸಾಲಿನೊಳಗೆ ಸೇರಿಸಿ. ಅದೇ ಒಡಪು. ಗಂಡನಿಗೂ ಬಿಡುಗಡೆ ಇಲ್ಲ. ಹೊಸ ಜೋಡಿ ಮನೆಯೊಳಗೆ ಬರುವಾಗ ಅವನ ಅಕ್ಕತಂಗಿಯರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳಿದರೆ ಮಾತ್ರ ಒಳಗೆ ಎನ್ನುತ್ತಾರೆ. ಅಂದರೆ ಪಾಸ್‌ವರ್ಡ್ ಹೇಳಿ ಒಳಗೆ ಬರುವ ಪದ್ಧತಿ ಕಂಪ್ಯೂಟರಿನವರು ಹುಟ್ಟುವ ಎಷ್ಟೋ ಮೊದಲೇ ಧಾರವಾಡದಲ್ಲಿ ಇತ್ತು. ಪ್ರಮೀಳೆ ಅಂದು ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠ: "ಬೆಳ್ಳಿ ಬಟ್ಟಲದಾಗ ಬೆಲ್ಲದ ಅಚ್ಚು, ವಸಂತರಾಯರ ಮನಿ ನನಗ ಅಚ್ಚುಮೆಚ್ಚು." ಎಷ್ಟು ಸ್ಪಷ್ಟವಾಗಿ ಹೇಳಿದ್ದಳು. ವಸಂತ ಎನ್ನುವ ಹೆಸರು ಇಷ್ಟು ಚೆನ್ನಾಗಿದೆ ಎಂದು ನನಗೆ ಗೊತ್ತಾದದ್ದೇ ಆ ಹೊತ್ತು.

ನಾನು ಹೇಳಿದ್ದು ಮಾತ್ರ ನೆನಪಿರಲಿಲ್ಲ. ಒಂದಕ್ಷರವೂ ಇರಲಿಲ್ಲ. ಮೂವತ್ತೊಂದು ವರ್ಷವಾಯಿತಲ್ಲ. "ನೆನಪದ ಹೌದಲ್ರಿ?" ಎಂದು ಪ್ರಮೀಳೆ ಕೇಳಿದಾಗ, ಅವಳ ಮುಖ ನೋಡಿ, "ಅದನ್ನ ಮರಿಲಿಕ್ಕೆ ಸಾಧ್ಯನ ಇಲ್ಲ" ಎಂದೆ. ಇಲ್ಲ ಎನ್ನುವ ಧೈರ್ಯ ಯಾವ ಗಂಡಸಿಗಿದೆ?

ಅಲ್ಲಿಂದ ನನ್ನ ನಿದ್ದೆ ಕೆಟ್ಟಿತು. ಮದುವೆಯ ವಿಡಿಯೊ ಕ್ಯಾಸೆಟ್ಟನ್ನು ಕಪಾಟಿನಿಂದ ತೆಗೆದು ಕಾರ್ಖಾನೆಗೆ ಹೋಗುವ ಚೀಲದಲ್ಲಿ ಅಡಗಿಸಿಕೊಂಡು ಹೋಗಿ ವಿಡಿಯೊ ಅಂಗಡಿಗೆ ಕೊಟ್ಟೆ. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು, ಒಳಗೆ ಬೂಷ್ಟು ಹಿಡಿದಿದೆ ಎಂದು ಹಿಂದಿರುಗಿಸಿದ. ಆಲ್ಬಮ್ಮಿನಲ್ಲಿ ಒಂದು ಫೋಟೊ ಸಿಕ್ಕಿತು. ಬಾಗಿಲಲ್ಲಿ ಅಕ್ಕಂದಿರು ಅಡ್ಡ ನಿಂತು ನಗುತ್ತಿದ್ದಾರೆ, ನನ್ನ ಬಾಯಿ ತೆರೆದಿದೆ. ಬಾಯಿ ತೆರೆದಿದೆ ಎಂದ ಮೇಲೆ ಏನೋ ಹೇಳುತ್ತಿದ್ದೇನೆ, ಅಷ್ಟರಮಟ್ಟಿಗೆ ಸಮಾಧಾನವಾಯಿತು. ಕೊನೆಗೆ ಉಪಾಯ ಹೂಡಿ, "ಒಂದ್ಸಲ ತಾಲೀಮು ಮಾಡೋಣ, ನೀನು ನನ್ನ ಒಡಪು ಹೇಳು, ನಾನು ತಾಳೆ ನೋಡ್ತೀನಿ" ಎಂದೆ. "ಪಾಸ್‌ವರ್ಡ್ ಯಾರ ಮುಂದೂ ಹೇಳಬಾರದು ಅಂತ ನೀವ ಫ್ರಿಜ್ಜಿಗೆ ಹಚ್ಚೀರಲಾ" ಎಂದಳು. ಅದನ್ನೂ ಹಚ್ಚಿದ್ದೆ, ನಿಜ.

ಆಷಾಢಕ್ಕೆ ಮುಂಚೆ, ವಾರಕರಿ ಯಾತ್ರಿಕರು ನಡೆದು ಒಯ್ಯುವ ಸಂತರ ಪಾಲಖಿ ಪುಣೆ ದಾಟಿ ಸಾಸವಡದಲ್ಲಿ ತಂಗುತ್ತದೆ. ಪ್ರತಿವರ್ಷ ಒಂದು ದಿನ ರಜೆ ಹಾಕಿ ಅಲ್ಲಿಗೆ ಹೋಗಿ ಕೈಮುಗಿದು ಬರುತ್ತೇನೆ. ಈ ಸಲ ಪ್ರಮೀಳೆಗೆ ಮೊಣಕಾಲು ನೋವು, ಒಬ್ಬನೇ ಹೋದೆ. ದರ್ಶನ ಚೆನ್ನಾಗಿ ಆಯಿತು. ಹೊರಗೆ ಬಂದು ಮಾವಶಿ ಎಂದು ಎಲ್ಲರೂ ಕರೆಯುತ್ತಿದ್ದ ಹೆಂಗಸೊಬ್ಬಳ ಗಾಡಿಯ ಹತ್ತಿರ ಭಜಿ ತಿಂದು, ಚಹಾ ಕುಡಿದು, ದುಡ್ಡು ಕೊಡಲು ಕಿಸೆಗೆ ಕೈ ಹಾಕಿದರೆ ಫೋನು ಇಲ್ಲ. ಆ ಜನಜಂಗುಳಿಯಲ್ಲಿ ಎಲ್ಲಿ ಜಾರಿತೋ, ಯಾರು ಜಾರಿಸಿದರೋ. ಕಿಸೆಗಳ್ಳರ ಸುದ್ದಿ ಓದಿದಾಗಿನಿಂದ ನಾನು ಪಾಕೀಟು ಒಯ್ಯುವುದನ್ನು ಬಿಟ್ಟಿದ್ದೆ, ಎಲ್ಲ ಫೋನಿನಲ್ಲೇ. ಹೀಗಾಗಿ ಊರಿಂದ ಆರು ಹರದಾರಿ ದೂರದಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ, ಒಂದು ರೂಪಾಯಿ ಇಲ್ಲದೆ, ಭಜಿ ತಿಂದ ಬಾಯಲ್ಲಿ ನಿಂತೆ.

ಮಾವಶಿ ಒಳ್ಳೆಯವಳು. ಬೈಯದೆ ತನ್ನ ಫೋನು ಕೊಟ್ಟಳು. ಪುಣ್ಯಕ್ಕೆ ಪ್ರಮೀಳೆಯ ನಂಬರು ನನ್ನದೇ ಹಳೆಯ ನಂಬರು, ನೆನಪಿತ್ತು. "ಏ, ಕೇಳಿಸ್ತೇನು? ನಾನು" ಎಂದೆ. ನಮ್ಮಿಬ್ಬರಲ್ಲಿ ಮೊದಲಿನಿಂದಲೂ ಇದೇ ರೂಢಿ. ಕೂಡುಕುಟುಂಬದ ಮನೆಯಲ್ಲಿ ಹಿರಿಯರ ಮುಂದೆ ಹೆಂಡತಿಯನ್ನು ಹೆಸರು ಹಿಡಿದು ಕರೆಯಲು ನಾಚಿಕೆ, ಆಮೇಲೆ ಹಿರಿಯರು ಹೋದರೂ ನಾಚಿಕೆ ಉಳಿದುಕೊಂಡಿತು. ಬರೆಯುವಾಗ ಪ್ರಮೀಳೆ ಪ್ರಮೀಳೆ ಎಂದು ಸಲೀಸಾಗಿ ಬರೆಯುತ್ತೇನೆ, ಬಾಯಲ್ಲಿ 'ಏ' ಅಷ್ಟೇ. "ಸಾಸವಡದಾಗ ಇದ್ದೀನಿ. ನನ್ನ ಫೋನ್ ಕಳದದ. ಈ ನಂಬರಿಗೆ ಐನೂರು ರೂಪಾಯಿ ಹಾಕು, ಲಗೂನ ಹಾಕು" ಎಂದವನಿಗೆ, ಹೇಳಿ ಮುಗಿಯುವಷ್ಟರಲ್ಲಿ ಫ್ರಿಜ್ಜು ಕಣ್ಣ ಮುಂದೆ ಬಂತು. ಗುರುತಿಲ್ಲದ ನಂಬರು, ಕಳೆದ ಫೋನು, ಹೆಚ್ಚಲ್ಲದ ಮೊತ್ತ, ಅವಸರ. ಒಂದನ್ನೂ ಬಿಟ್ಟಿರಲಿಲ್ಲ.

ಆ ಕಡೆಯಿಂದ ಒಂದೇ ಮಾತು ಬಂತು: "ಒಡಪು ಹೇಳ್ರಿ."

"ನನ್ನ ಧ್ವನಿ ಗೊತ್ತಾಗೂದಿಲ್ಲೇನು ನಿನಗ?"

"ಧ್ವನಿ ನಂಬಬ್ಯಾಡ ಅಂತ ನಮ್ಮ ಮನಿಯವರು ಬರದಿಟ್ಟಾರ" ಎಂದು ಫೋನು ಇಟ್ಟಳು.

ಮಾವಶಿ ಏನಾಯಿತೆಂದು ಕೇಳಿದಳು. ನಾನು ಮರಾಠಿಯಲ್ಲಿ ಎಲ್ಲವನ್ನೂ ಹೇಳಿಕೊಂಡೆ. ಮರಾಠಿಯವರಲ್ಲೂ ಇದೇ ಪದ್ಧತಿ ಇದೆ, ಒಡಪಿಗೆ ಉಖಾಣಾ ಎನ್ನುತ್ತಾರೆ. ತಲೆಯ ಮೇಲೆ ಹೊತ್ತು ತಂದ ಪುಟ್ಟ ತುಳಸಿಕಟ್ಟೆಗಳನ್ನು ಇಳಿಸಿ ಗಾಡಿಯ ನೆರಳಿನಲ್ಲಿ ಕೂತಿದ್ದ ನಾಲ್ಕೈದು ವಾರಕರಿ ಹೆಂಗಸರಿಗೆ ಇದು ಕಿವಿಗೆ ಬಿದ್ದದ್ದೇ ತಡ, ನಡೆದು ಬಂದ ದಣಿವೆಲ್ಲ ಹಾರಿಹೋಯಿತು. ಧ್ವನಿ ನಕಲಿನ ಸುದ್ದಿ ಅವರಿಗೂ ಗೊತ್ತಿತ್ತು. ಹಾಕಿಬಿಡಲಿ ಪಾಪ ಎಂದು ಒಬ್ಬಳು, ಹೆಂಡತಿ ಮಾಡಿದ್ದೇ ಸರಿ ಎಂದು ಮೂವರು. ಉಖಾಣಾ ಮರೆತ ಗಂಡಸನ್ನು ನಡೆಸಿಯೇ ಪುಣೆಗೆ ಕಳಿಸಬೇಕು ಎಂದು ಎಲ್ಲರಿಗಿಂತ ಹಿರಿಯಳು ತೀರ್ಪು ಕೊಟ್ಟಳು. ಆಮೇಲೆ ಅವಳಿಗೇ ಕನಿಕರ ಬಂದು, "ನಾವ ಘ್ಯಾ ಕಿ ಹೋ, ಲಾಜತಾಯ ಕಶಾಲಾ" ಎಂದಳು. ಹೆಸರು ಹೇಳಪ್ಪಾ, ನಾಚಿಕೆ ಯಾಕೆ ಎಂದು.

ಮತ್ತೆ ಫೋನು ಹಚ್ಚಿದೆ. ಏನು ಹೇಳುತ್ತೇನೆಂದು ನನಗೇ ತಿಳಿದಿರಲಿಲ್ಲ. ಆಗಿದ್ದಾಗಲಿ, ಹೊಸದನ್ನೇ ಕಟ್ಟಿ ಒಗೆಯೋಣವೆಂದು ಬಾಯಿಗೆ ಬಂದದ್ದನ್ನು ಶುರುಮಾಡಿದೆ. "ಧಾರವಾಡದ ಪೇಢೆ, ಬೆಳಗಾಂವದ ಕುಂದಾ..." ಹೆಂಗಸರು ಉಸಿರು ಹಿಡಿದು ನೋಡುತ್ತಿದ್ದರು. ಇನ್ನು ಹೆಸರು ಬರಬೇಕು. "ಪ್ರ..." ಎಂದೆ. ಗಂಟಲಲ್ಲಿ ಏನೋ ಸಿಕ್ಕಿ ಕೆಮ್ಮು ಬಂತು. ಸಣ್ಣ ಕೆಮ್ಮಲ್ಲ, ಕಣ್ಣಲ್ಲಿ ನೀರು ಬರುವಂಥದ್ದು. ಸಾವರಿಸಿಕೊಳ್ಳುವಷ್ಟರಲ್ಲಿ ಆ ಕಡೆ ಫೋನು ಕಟ್ಟಾಗಿತ್ತು.

ನನಗೆ ಐನೂರು ರೂಪಾಯಿಯ ಚಿಂತೆ ಆಗ ಇರಲಿಲ್ಲ. ಮರೆತದ್ದು ಅವಳಿಗೆ ಗೊತ್ತಾಯಿತಲ್ಲ, ಅದರದೇ ಸಂಕಟ. ಫೋನನ್ನು ಮಾವಶಿಗೆ ಹಿಂದಿರುಗಿಸಿ, ನಡೆದೇ ಹೋಗುವುದೆಂದು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗಾಡಿಯ ಮೇಲೆ ಸಕ್ಕರೆ ಡಬ್ಬಿಯ ಪಕ್ಕ ಇದ್ದ ಪುಟ್ಟ ಪೆಟ್ಟಿಗೆ, ಐನೂರು ರೂಪಾಯಿ ಜಮಾ ಆಯಿತು ಎಂದು ಮರಾಠಿಯಲ್ಲಿ ಗಟ್ಟಿಯಾಗಿ ಸಾರಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಮಾವಶಿ ಚಹಾ ಭಜಿಯದು ಮುರಿದುಕೊಂಡು ಉಳಿದದ್ದನ್ನು ಕೈಗಿತ್ತು, ಇನ್ನೊಂದು ಚಹಾ ಪುಕ್ಕಟೆ ಕೊಟ್ಟಳು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಪ್ರಮೀಳೆ ಬಾಗಿಲು ತೆರೆದಳು, ಸಿಮ್ ಮುಚ್ಚಿಸಲು ಮೇಘಾಗೆ ಹೇಳಿದ್ದಾಗಿದೆ ಎಂದಳು, ಕಾಲು ತೊಳೆದು ಬರ್ರಿ ಎಂದಳು. ಸಿಟ್ಟಿನ ಸುಳಿವಿರಲಿಲ್ಲ. ಊಟಕ್ಕೆ ಕೂತಾಗ ತಡೆಯಲಾರದೆ ಕೇಳಿದೆ. "ನಾನು ಒಡಪು ಹೇಳಲಿಲ್ಲ. ಮತ್ತ ನಾನ ಅಂತ ಹೆಂಗ ನಂಬಿದಿ?"

"ಒಡಪು ಪೂರಾ ಹೇಳಿದ್ರ ನಂಬತಿದ್ದಿಲ್ಲ" ಎಂದಳು. "ಲಗ್ನದಾಗ ನೀವು ಹೇಳೇ ಇಲ್ಲಲ್ರಿ."

ನಾನು ತುತ್ತನ್ನು ತಟ್ಟೆಗಿಟ್ಟು ಅವಳ ಕಡೆ ತಿರುಗಿದೆ.

"ಅವತ್ತೂ ಧಾರವಾಡದ ಪೇಢೆ ಅಂದ್ರಿ, ಬೆಳಗಾಂವದ ಕುಂದಾ ಅಂದ್ರಿ. ನನ್ನ ಹೆಸರಿನ ಹತ್ರ ಬಂದು ಕೆಮ್ಮಿದ್ರಿ. ನಿಮ್ಮ ಅಕ್ಕಾರು ನಕ್ಕೋತ ಬಾಗಲಾ ಬಿಟ್ರು, ಎಲ್ಲಾರೂ ಊಟಕ್ಕ ಹೋದ್ರು. ಇವತ್ತೂ ಅಲ್ಲೇ ಕೆಮ್ಮಿದ್ರಿ. ಮಷಿನ್ ಆಗಿದ್ರ ಎಲ್ಲಾ ಬರೋಬ್ಬರಿ ಹೇಳ್ತಿತ್ತು." ಇಷ್ಟು ಹೇಳಿ ನನ್ನ ತಟ್ಟೆಗೆ ಇನ್ನೊಂದು ಭಕ್ಕರಿ ಹಾಕಿದಳು. ಭಕ್ಕರಿಯ ಬುಟ್ಟಿ ಮುಚ್ಚುತ್ತ, ಯಾರಿಗೋ ಹೇಳುವ ಹಾಗೆ, "ಆಮ್ಯಾಲೆ ಹೇಳ್ತೀರೇನೋ ಅಂತ ಭಾಳ ದಿನಾ ಕಾಯ್ದೆ" ಎಂದಳು.

ಅಂದರೆ ಫೋಟೊದಲ್ಲಿ ತೆರೆದಿದ್ದ ಬಾಯಿ ಕೆಮ್ಮುವ ಬಾಯಿ. ನನಗೆ ನಿಜವಾಗಿ ನಾಚಿಕೆಯಾಯಿತು. ದೇಶದ ಯಾವ ಮೂಲೆಯಲ್ಲಿ ಏನೇ ಆದರೂ ಅಂದೇ ಎದ್ದು ಓಡುವ ಮನುಷ್ಯ ನಾನು. ನನ್ನ ಮನೆಯಲ್ಲೇ ಒಬ್ಬಳು ಮೂವತ್ತೊಂದು ವರ್ಷದಿಂದ ಎರಡು ಸಾಲಿಗೆ ಕಾಯುತ್ತಿದ್ದ ಸುದ್ದಿ ಮಾತ್ರ ನನಗೆ ಮುಟ್ಟಿರಲಿಲ್ಲ.

ಹೊಸ ಫೋನು ಬಂದ ಮೇಲೆ, ಕೇಳಿದ್ದನ್ನೆಲ್ಲ ಬರೆದುಕೊಡುವ ಆ್ಯಪಿಗೆ, ಪ್ರಮೀಳಾ ಎಂಬ ಹೆಸರು ಸೇರಿಸಿ ಒಡಪು ಬರೆ ಎಂದೆ. ಕಣ್ಣು ಮಿಟುಕಿಸುವುದರಲ್ಲಿ ಹನ್ನೆರಡು ಬರೆಯಿತು. ಪ್ರಾಸ ಅಳತೆಗೆ ಸರಿಯಾಗಿತ್ತು. ಒಂದೂ ಅವಳ ಹೆಸರಿನ ಹತ್ತಿರ ತಡವರಿಸಿರಲಿಲ್ಲ. ಹನ್ನೆರಡಕ್ಕೂ ಮನಸ್ಸಿನಲ್ಲೇ ಕೆಂಪು ಚೀಟಿ ಅಂಟಿಸಿ ಅಳಿಸಿದೆ. ಭೋಸರಿಗೆ ಹೋಗುವ ಬಸ್ಸಿನಲ್ಲಿ ಕಿಡಕಿಯ ಕಡೆ ಮುಖ ಮಾಡಿ ಪೇಢೆ ಕುಂದಾದ ಮುಂದಿನ ಸಾಲನ್ನು ನಾನೇ ಕಟ್ಟಿ, ಹದಿನೈದು ದಿನ ಬಾಯಿಪಾಠ ಮಾಡಿದೆ. ಪಕ್ಕದವರು ಮಂತ್ರ ಎಂದುಕೊಂಡರು.

ಇಂದು ಮುಂಜಾನೆ ಪ್ರಮೀಳೆ ಚಹಾ ತಂದಳು. ಪತ್ರಿಕೆಯನ್ನು ಬಿಚ್ಚದೆ ಪಕ್ಕಕ್ಕಿಟ್ಟೆ. ಜ್ವರ ಬಂದಿದೆಯೋ ಎಂಬಂತೆ ನನ್ನನ್ನು ನೋಡಿದಳು. "ಧಾರವಾಡದ ಪೇಢೆ, ಬೆಳಗಾಂವದ ಕುಂದಾ" ಎಂದೆ. ಅವಳು ನಿಂತಲ್ಲೇ ನಿಂತಳು. "ಪ್ರ..." ಎಂದೆ. ಕೆಮ್ಮು ಬಂತು.

"ಇರ್ಲಿ ಬಿಡ್ರಿ, ಪಾಸ್‌ವರ್ಡ್ ಬರೋಬ್ಬರಿ ಅದ" ಎಂದು ಒಳಗೆ ಹೋಗಿ ನೀರು ತಂದುಕೊಟ್ಟಳು. ಕುಡಿದೆ. ಕೆಮ್ಮು ನಿಂತಿತು. ಖಾಲಿ ಲೋಟ ಮುಂದೆ ಚಾಚಿದೆ. ಅದನ್ನು ಇಸಿದುಕೊಳ್ಳದೆ, ಅವಳು ನನ್ನ ಬಾಯನ್ನೇ ನೋಡುತ್ತ ಇನ್ನೂ ನಿಂತೇ ಇದ್ದಳು.