ಹಲಸಿನ ಮರಕ್ಕೆ ಜಾಮೀನು

ಗ್ರಾಫ್ ಹಾಳೆಯ ಮೇಲೆ ತೋಟ ಮಾಡುವುದಕ್ಕಿಂತ ಸುಖವಾದ ಬೇಸಾಯ ಇನ್ನೊಂದಿಲ್ಲ. ಅಲ್ಲಿ ಮುಳ್ಳು ಚುಚ್ಚುವುದಿಲ್ಲ, ಸೊಂಟ ಹಿಡಿಯುವುದಿಲ್ಲ, ತಪ್ಪಾದರೆ ರಬ್ಬರ್ ಇದೆ. ತುಮಕೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನಾನು ಗುಬ್ಬಿ ಹತ್ತಿರದ ನಮ್ಮ ತೋಟವನ್ನು ಮೊದಲು ಸರಿಮಾಡಿದ್ದು ಹೀಗೇ, ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು. ಅಪ್ಪ ಹೋದ ಮೇಲೆ ಏಳೆಂಟು ವರ್ಷ ಯಾರೂ ನೆಟ್ಟಗೆ ನೋಡದೆ ತೆಂಗಿನ ಸಾಲುಗಳ ನಡುವೆ ಲಾಂಟಾನ ನುಗ್ಗಿತ್ತು, ಅಡಿಕೆ ಸೊರಗಿತ್ತು, ಬಾಳೆ ಇತ್ತೆಂಬುದಕ್ಕೆ ಅಮ್ಮನ ನೆನಪೊಂದೇ ಸಾಕ್ಷಿ. ಆಗ ತೊಂಬತ್ತರ ದಶಕ. ತೋಟವೆಂದರೆ ಕಾಡಿನ ಹಾಗಿರಬೇಕು, ಮರದ ಕೆಳಗೆ ಗಿಡ, ಗಿಡದ ಕೆಳಗೆ ಬಳ್ಳಿ ಇರಬೇಕು ಅಂತ ಪೇಪರಿನವರು ಬರೆದಿದ್ದೇ ಬರೆದಿದ್ದು. ಓದಿ ಓದಿ ನನಗೆ ಹುಚ್ಚು ಹಿಡಿಯಿತು. ನಾಲ್ಕು ಬಣ್ಣದ ಪೆನ್ನಿನಲ್ಲಿ ಮರಮರಕ್ಕೂ ನಂಬರ್ ಕೊಟ್ಟು ನಕ್ಷೆ ಬರೆದೆ.

ಭಾನುವಾರ ಬಂದರೆ ನಾನು, ಅಮ್ಮ, ನನ್ನ ಹೆಂಡತಿ ನಾಗರತ್ನ ಮೂವರೂ ಗುಬ್ಬಿ ಬಸ್ಸು ಹತ್ತುತ್ತಿದ್ದೆವು. ನಾಗರತ್ನ ಹೆಬ್ಬೂರಿನ ರೈತರ ಮನೆ ಮಗಳು. ಅವಳು ಸೆರಗು ಸಿಕ್ಕಿಸಿಕೊಂಡು ಮಚ್ಚು ಹಿಡಿದು ಲಾಂಟಾನ ಸವರುವಳು, ಅಮ್ಮ ಸೋಗೆ ಆಯುವಳು, ನಾನು ನಕ್ಷೆ ಬಿಡಿಸಿಕೊಂಡು ನೆರಳಲ್ಲಿ ನಿಂತು ದಿಕ್ಕು ತೋರಿಸುವೆನು. ಯಾರಾದರೊಬ್ಬರು ತೋರಿಸಬೇಕಲ್ಲ!

ನಕ್ಷೆಯಲ್ಲಿ ನಂಬರ್ ನಲವತ್ತೊಂದರ ಮೇಲೆ ಕೆಂಪು ಗೀಟು ಎಳೆದಿದ್ದೆ. ಅದೊಂದು ಹಲಸಿನ ಮರ. ಇಪ್ಪತ್ತು ವರ್ಷ ಮೀರಿದರೂ ಒಂದು ಹಣ್ಣು ಕೊಟ್ಟಿದ್ದಿಲ್ಲ; ಮಿಡಿ ಕಾಣಿಸಿಕೊಂಡು ಕಪ್ಪಾಗಿ ಉದುರುತ್ತಿತ್ತು. ಅದರ ನೆರಳಿಗೆ ಸಿಕ್ಕಿ ನಾನು ನೆಡಿಸಿದ ನಿಂಬೆ ಸಸಿಗಳು ಕಡ್ಡಿಯಾಗಿದ್ದವು. ಕಡಿಸುವುದೇ ಸರಿ ಅಂತ ಮರ ಕೊಯ್ಯುವ ಸಿದ್ದಪ್ಪನಿಗೆ ಹೇಳಿಯೂ ಆಯಿತು. ತೊಂದರೆ ಏನೆಂದರೆ, ಅದು ಅಮ್ಮ ಅಮೃತೂರಿನ ತನ್ನ ತವರಿಂದ ಬೀಜ ತಂದು ನೆಟ್ಟ ಮರ. ನಾನು ಬಿಸಿಲು, ನೆರಳು, ಬೇರು ಅಂತ ಅರ್ಧ ಗಂಟೆ ಪಾಠ ಮಾಡಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, “ಆಯ್ತು ಕಣಪ್ಪ. ಕಡ್ಸೋಕ್ ಮುಂಚೆ ಒಂದ್ ಸಲ ಹೆದ್ರುಸ್ಬುಟ್ಟು ನೋಡು,” ಅಂದಳು.

ಕಾಯಿ ಬಿಡದ ಮರವನ್ನು ಹೆದರಿಸುವುದು ನಮ್ಮ ಕಡೆಯ ಹಳೇ ಪದ್ಧತಿ. ಒಬ್ಬರು ಕೊಡಲಿ ಎತ್ತಿ “ಕಡೀತೀನಿ” ಅಂತ ಮೂರು ಸಲ ಗದರಬೇಕು. ಇನ್ನೊಬ್ಬರು ಅಡ್ಡ ಬಂದು, “ಬರೋ ವರ್ಷ ಬಿಡುತ್ತೆ, ನಾನು ಜಾಮೀನು” ಅನ್ನಬೇಕು. ಜಾಮೀನು ಬಿದ್ದ ಮರವನ್ನು ವರ್ಷದವರೆಗೆ ಯಾರೂ ಮುಟ್ಟುವಂತಿಲ್ಲ. ಯಾರೂ ನಿಲ್ಲದಿದ್ದರೆ ಅದರ ಹಣೆಬರಹ. ನಾನು ಕೂಡಲೇ ಒಪ್ಪಿಕೊಂಡೆ. ಜಾಮೀನಿಗೆ ನಾಗರತ್ನ ಇರಲಿ ಅಂದೆ. ಬಸ್ಸಿನಲ್ಲಿ ಅವಳ ಕಿವಿಯಲ್ಲಿ, “ನೀನು ಸುಮ್ನೆ ನಿಂತ್ಕೊ. ಆ ಮರದಲ್ಲಿ ನಿನಗೊಂದು ಮಂಚ ಮಾಡಿಸ್ತೀನಿ,” ಅಂತ ಊದಿದೆ. ಅವಳು ತಲೆಯಾಡಿಸಿದಳು. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

ನಾವು ತೋಟ ಮುಟ್ಟಿದಾಗ ಸಿದ್ದಪ್ಪ ಗರಗಸ ಪಕ್ಕಕ್ಕಿಟ್ಟು ಬೀಡಿ ಹಚ್ಚಿ ಕೂತಿದ್ದ. ಅವನ ಕೊಡಲಿ ಎತ್ತಿ, ಕ್ಲಾಸಿನಲ್ಲಿ ಗದರುವ ಗಂಟಲಲ್ಲೇ “ಕಡೀತೀನಿ!” ಅಂದೆ. ನಾಗರತ್ನ, “ಕಡೀರಿ,” ಅಂದಳು. ಸಿದ್ದಪ್ಪನಿಗೆ ಕೆಮ್ಮು ಬಂತು. ಎರಡನೇ ಸಲವೂ ಅದೇ ಉತ್ತರ. ಆಗ ಅಮ್ಮ ಹೋಗಿ ಮರದ ಬೊಡ್ಡೆಯ ಮೇಲೆ ಕೈಯಿಟ್ಟಳು. ಆ ಕೈ ನೋಡಿ ನಾನು ಕೊಡಲಿಯನ್ನು ಅರ್ಧಕ್ಕಿಳಿಸಿದೆ. ಆದರೂ ಮೇಷ್ಟ್ರ ಜಂಬ ಬಿಡಬೇಕಲ್ಲ, ಮೂರನೇ ಸಲ ಕೊಡಲಿ ಎತ್ತಿಯೇ ಎತ್ತಿದೆ.

ನಾಗರತ್ನ ಸರಕ್ಕನೆ ಬಂದು ಕೊಡಲಿಯ ಕಾವು ಹಿಡಿದುಕೊಂಡಳು. “ಕೆಳಗಿಳಿಸ್ರೀ ಸಾಕು! ಪಾಪ, ಇದು ನೆರಳನ್ನಾದ್ರೂ ಕೊಡ್ತಿದೆ. ನೀವು ಅದರ ಕೆಳಗೆ ನಿಂತು ಬೆರಳು ತೋರಿಸೋದು ಬಿಟ್ರೆ ಇನ್ನೇನ್ ಮಾಡಿದೀರಿ? ಮದುವೆಯಾಗಿ ಹದಿನಾಲ್ಕು ವರ್ಷ ಆಯ್ತು, ನಾನೇನಾದ್ರೂ ನಿಮ್ಮ ಮೇಲೆ ಮಚ್ಚು ಎತ್ತಿದ್ನಾ? ಈ ಮರಕ್ಕೆ ನಾನು ಜಾಮೀನು!”

ಸಿದ್ದಪ್ಪ ಬೀಡಿ ಹೊಸಕಿ ಎದ್ದು ನಿಂತ. “ಮುಗೀತಲ್ಲ ಮೇಷ್ಟ್ರೇ. ಇನ್ ನಾನ್ ಮುಟ್ಟಾಕಿಲ್ಲ,” ಅಂದವನೇ ಗರಗಸ ಹೆಗಲಿಗೇರಿಸಿ ಹೊರಟ. ಅಮ್ಮ ಸೊಸೆಯ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡಳು.

ಮುಂದಿನ ಬೇಸಗೆಗೆ ಮರದ ಬೊಡ್ಡೆಯಲ್ಲೇ ಒಂಬತ್ತು ಹಣ್ಣು. ನಿಂಬೆಗೆ ಗುಂಡಿ ತೋಡಿಸಿದಾಗ ಹಲಸಿನ ಬೇರು ಕತ್ತರಿಸಿರಬೇಕು, ಅದರಿಂದಲೇ ಕಾಯಿ ಕಚ್ಚಿದೆ, ಇದಕ್ಕೆ ವೈಜ್ಞಾನಿಕ ಕಾರಣ ಇದೆ ಅಂತ ನಾನು ಹೇಳುತ್ತಲೇ ಇದ್ದೆ. ಅತ್ತೆ ಸೊಸೆ ಇಬ್ಬರೂ ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿ ತಿನ್ನುತ್ತಿದ್ದರು, ಕೇಳುವುದಕ್ಕೆ ಪುರುಸೊತ್ತಿರಲಿಲ್ಲ.

“ಅತ್ತೆ, ಹೆದರ್ಸಿದ್ರೆ ಕೆಲ್ಸ ಆಗುತ್ತೆ ಅಂತ ಗೊತ್ತಾಯ್ತಲ್ಲ,” ಅಂದಳು ನಾಗರತ್ನ. “ಇನ್ನು ಇವರನ್ನ ಯಾವಾಗ ಹೆದರ್ಸೋಣ?”

ನಾನು ಅಮ್ಮನ ಕಡೆ ನೋಡಿದೆ. ಹೆತ್ತವಳು, ಅಡ್ಡ ಬಂದೇ ಬರುತ್ತಾಳೆ ಅಂತ.

“ನನ್ ಮುಖ ಯಾಕ್ ನೋಡ್ತೀಯಪ್ಪ?” ಅಂದಳು ಅಮ್ಮ. “ಮರಕ್ಕಾದ್ರೆ ಒಂದ್ ವರ್ಷ ಅಂತ ಹೇಳ್ಬೋದು. ನಿನಗೆ ಎಷ್ಟ್ ವರ್ಷ ಅಂತ ಜಾಮೀನ್ ನಿಲ್ಲಾನ?”

ನಾನು ಎದ್ದು, ಯಾರೂ ಹೇಳದೆಯೇ, ಹೊಸದಾಗಿ ನೆಟ್ಟ ಬಾಳೆಗೆ ನೀರು ತಿರುಗಿಸಲು ಹೋದೆ.