ಕಣ್ಣು ಮುಚ್ಚದ ಪೇಷಂಟು

ದನದ ಡಾಕ್ಟರನ ಬಾಗಿಲಿಗೆ ಬರುವವರೆಲ್ಲ ದನದ ಸಲುವಾಗಿಯೇ ಬರುತ್ತಾರೆಂಬ ಭರವಸೆಯಿಲ್ಲ. ಮುದ್ದೇಬಿಹಾಳದಲ್ಲಿದ್ದಾಗ ಒಬ್ಬರು ಗಿಳಿ ಮಾತು ಬಿಟ್ಟಿದೆ ಎಂದು ಅಳುತ್ತ ಬಂದಿದ್ದರು. ಸಿಂದಗಿಗೆ ವರ್ಗವಾದ ಮೇಲೆ ಬಂದ ಕರೆಗೆ ಮಾತ್ರ ನನಗೇ ಅಳು ಬರುವುದೊಂದು ಬಾಕಿಯಿತ್ತು.

ಕತ್ತಲೆ ಖೋಲಿ

ಎಪ್ಪತ್ತರ ದಶಕದ ಮಾತು. ಮಟಮಟ ಮಧ್ಯಾಹ್ನ ಪಕ್ಕದ ಮನೆಯ ಮಾಸ್ತರರ ಹೆಂಡತಿ ಬಂದು ಪಿಸುಗುಟ್ಟಿದರು. "ಮೂರು ದಿನ ಆತ್ರಿ, ಏನೂ ತಿಂದಿಲ್ಲ. ಗ್ವಾಡಿಗೆ ಮೈ ತಿಕ್ಕತೈತಿ. ಕಣ್ಣು ಮುಚ್ಚವಲ್ದು."

ಅವರ ಮನೆಯಲ್ಲಿ ದನವಿಲ್ಲವೆಂದು ನನಗೆ ಗೊತ್ತಿತ್ತು. ಹೋದರೆ ಬಾಗಿಲಿಗೆ ಬೇವಿನ ಸೊಪ್ಪು. ಒಳಗಿನ ಖೋಲಿಯಲ್ಲಿ ಕತ್ತಲೆ. ಮಾಸ್ತರರ ತಾಯಿ, ಎಂಬತ್ತು ದಾಟಿದ ಅಜ್ಜಿ, ಕೈಮುಗಿದು ಕೂತಿದ್ದರು. ಅವರೆದುರಿಗೆ ಎರಡು ದುಂಡು ಕಣ್ಣುಗಳು ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದವು. ಸುಳ್ಳೇಕೆ, ಹೆದರಿದೆ.

ಕಂದೀಲು ತರಿಸಿ ನೋಡಿದರೆ ಗಾಜಿನ ಪೆಟ್ಟಿಗೆಯಲ್ಲಿ ಬೆರಳುದ್ದದ ಕರಿ ಮೀನು, ಮೈತುಂಬ ರವೆ ಉದುರಿಸಿದಂತೆ ಬಿಳಿ ಚುಕ್ಕೆ. ಮದುವೆಯಾಗಿ ಇಂಡಿಗೆ ಹೋದ ಮೊಮ್ಮಗಳು ಸೊಲ್ಲಾಪುರದಿಂದ ತರಿಸಿದ್ದ ನಾಲ್ಕು ಮೀನುಗಳಲ್ಲಿ ಉಳಿದದ್ದು ಇದೊಂದೇ. ಪಂಚಮಿಗೆ ಬಂದಾಗ ಅವಳಿಗೆ ಏನು ತೋರಿಸುವುದೆಂಬುದೇ ಮನೆಯವರ ಚಿಂತೆ. ಅಜ್ಜಿಯ ಪ್ರಕಾರ ಅದು ಸಿಡುಬು, ಮೀನಿನ ಮೈಮೇಲೆ ದೇವಿ ಬಂದಿದ್ದಾಳೆ. ಹಾಗಾಗಿ ಮನೆಯಲ್ಲಿ ವಾರದಿಂದ ಒಗ್ಗರಣೆಯಿಲ್ಲ. ಮಾಸ್ತರರು ಸಪ್ಪನೆ ಸಾರುಂಡು ಮೀನಿಗಿಂತ ಬಡವಾಗಿದ್ದರು.

ಮುಚ್ಚಳದ ಸದ್ದು

ಕಾಲೇಜಿನಲ್ಲಿ ಮೀನಿನ ರೋಗಕ್ಕೆ ನಮಗೆ ಸಿಕ್ಕಿದ್ದು ಅರ್ಧ ತಾಸಿನ ಪಾಠ. ಪುಣ್ಯಕ್ಕೆ ಆ ಅರ್ಧ ತಾಸು ನಾನು ಎಚ್ಚರವಾಗಿದ್ದೆ. ಇದು ಮೈಗೆ ಅಂಟುವ ಸಣ್ಣ ಹುಳದ ಕಾಟ, ದಿನಾ ಸ್ವಲ್ಪ ನೀರು ಬದಲಿಸಿ, ಬೆಚ್ಚಗಿಡಿ, ಚಮಚೆಯಷ್ಟು ಉಪ್ಪು ಹಾಕಿ ಎಂದೆ. ಅಜ್ಜಿ ಒಪ್ಪಿದ್ದು ಉಪ್ಪಿಗೆ ಮಾತ್ರ, ಅದೂ ದೃಷ್ಟಿ ತೆಗೆದಂತೆ ಮೂರು ಸಲ ನಿವಾಳಿಸಿ. ಮುಷ್ಟಿಗಟ್ಟಲೆ ಸುರಿದಾರೆಂದು ನಾನೇ ದಿನಾ ಚಮಚೆ ಹಿಡಿದು ಕಾವಲು ನಿಂತೆ. ನೀರನ್ನೂ ನಾನೇ ಬದಲಿಸಿದೆ.

ಐದನೆಯ ದಿನ ಕತ್ತಲೆಯಲ್ಲಿ ಗಾಜಿನ ಪೆಟ್ಟಿಗೆಯ ಹಲಗೆ ಮುಚ್ಚಳ ತಾನೇ ಟಕ್ ಟಕ್ ಎಂದಿತು. ಎಲ್ಲರೂ ಪೆಟ್ಟಿಗೆಯ ಸುತ್ತ ನೆರೆದೆವು. ಮೀನಿಗೆ ಶಕ್ತಿ ಬಂದು ಜಿಗಿಯುತ್ತಿದೆ ಎಂದು ನಾನು ಹೇಳುವುದರೊಳಗೆ ಅಜ್ಜಿ, "ದೇವಿ ಹೊರಗ ಹೊಂಟಾಳ, ದಾರಿ ಬಿಡ್ರಿ" ಎಂದು ಮುಚ್ಚಳ ತೆಗೆದರು. ಮೀನು ನೆಟ್ಟಗೆ ಮಾಸ್ತರರ ಟೊಪಿಗೆಗೆ ಬಿತ್ತು.

ಸಿಡುಬು ಹುಡುಕುವವರು

ಆಗ ಸರಕಾರದವರು ಮನೆಮನೆಗೆ ಹೋಗಿ ಸಿಡುಬು ಹುಡುಕಿ ದೇವಿ, ಅಂದರೆ ಸಿಡುಬಿನ ಲಸಿಕೆ, ತೋಳಿಗೆ ಚುಚ್ಚುತ್ತಿದ್ದರು. ಅಜ್ಜಿ ಜೀವನದಲ್ಲಿ ಒಮ್ಮೆಯೂ ಚುಚ್ಚಿಸಿಕೊಂಡವರಲ್ಲ. ಹಿಂದೆಲ್ಲ ಚುಚ್ಚುವವರು ಬಂದರೆಂದರೆ ನೆಲದೊಳಗಿನ ಜೋಳದ ಹಗೇವಿಗಿಳಿದು ಕೂಡುತ್ತಿದ್ದರಂತೆ. ಈ ಸಲ ಬಾಗಿಲಲ್ಲಿ ಸಿಡುಬಿನ ಗುರುತಿನ ಬೇವು ನೋಡಿದ ಸಾಹೇಬರು ಸೀದಾ ಒಳಗೇ ಬಂದರು. ನಾನು ಚಮಚೆ ಹಿಡಿದು ಖೋಲಿಯಲ್ಲಿದ್ದೆ.

"ಎಷ್ಟು ಮಂದಿಗೆ ಬಂದೈತಿ?"

"ನಾಕಕ್ಕ. ಮೂರು ಹ್ವಾದುವು" ಎಂದರು ಅಜ್ಜಿ.

"ಎಲ್ಲಿ ಮಣ್ಣು ಮಾಡಿದ್ರಿ?"

"ಹಿತ್ತಲದಾಗ. ನಾನ ಕೈಯಾರೆ ಹುಗದೇನಿ."

"ಯಾರಿಗೂ ಹೇಳಲಿಲ್ಲೇನು?"

"ಹೇಳೂದೇನೈತಿ? ಒಂದು ಮುಷ್ಟಿ ಮಣ್ಣು ಸಾಕಾತು."

ಸಾಹೇಬರ ಮುಖ ಬಿಳಿಚಿತು. ನಾನು ಕಂದೀಲು ಎತ್ತಿ ಪೇಷಂಟನ್ನು ತೋರಿಸಿದ ಮೇಲೆಯೇ ಅವರು ಉಸಿರು ಬಿಟ್ಟದ್ದು. ಅಜ್ಜಿ ಮಾತ್ರ ಅವರನ್ನು ಬಿಡಲಿಲ್ಲ. ಬಂದವರು ಇದಕ್ಕೆ ಚುಚ್ಚಿಯೇ ಹೋಗಬೇಕು, ಕಾಪಾಡುತ್ತೇನೆಂದು ಮೊಮ್ಮಗಳಿಗೆ ಮಾತು ಕೊಟ್ಟಿದ್ದೇನೆ ಎಂದು ಹಟ ಹಿಡಿದರು.

"ಎಲ್ಲಿ ಚುಚ್ಚಲಿ ಯವ್ವಾ? ಇದಕ್ಕ ತೋಳ ಇಲ್ಲ" ಎಂದರು ಸಾಹೇಬರು. ಅಜ್ಜಿ ಯೋಚನೆಗೆ ಬಿದ್ದರು. ನಾನು ನಗು ತಡೆಯಲಾರದೆ ಹೊರಗೆ ಬಂದೆ.

ಪಂಚಮಿಗೆ ಮೊಮ್ಮಗಳು ಬಂದವಳು ಹಬ್ಬದ ಉಂಡಿ ಮುಟ್ಟದೆ ಖೋಲಿಗೆ ಓಡಿದಳು. ಒಂದು ಚುಕ್ಕೆಯೂ ಇಲ್ಲದ ಕರಿ ಮೀನು ಗಿರಗಿರನೆ ಸುತ್ತುತ್ತಿತ್ತು. ಅವಳ ಕಣ್ಣು ತುಂಬಿದವು. ನಾನು ಎದೆಯುಬ್ಬಿಸಿ ಉಪ್ಪಿನ ಗುಣ ವಿವರಿಸತೊಡಗಿದೆ. ಅಜ್ಜಿ ನನ್ನನ್ನು ಪಕ್ಕಕ್ಕೆ ಸರಿಸಿ, ಕುಪ್ಪಸದ ತೋಳು ಮೇಲೇರಿಸಿ ಹೊಸ ಗಾಯದ ಕಲೆ ತೋರಿಸಿದರು.

"ಅದಕ್ಕ ತೋಳ ಇರಲಿಲ್ಲವ್ವಾ. ಅದರ ಪಾಲಿಂದು ನಾ ಹಾಕಿಸಿಕೊಂಡೇನಿ."